ಖಿನ್ನತೆಗೊಂದು ತರಗತಿ

ಅಮೆರಿಕದ ಆರೆಗನ್ ರಾಜ್ಯದಲ್ಲಿ ವಿಶ್ವವಿದ್ಯಾಲಯವಿರುವ ಯೂಜೀನ್ ಎಂಬ ಊರಿದೆ. 1980ರ ದಶಕದಲ್ಲಿ ಅಲ್ಲಿನ ಮನಶ್ಶಾಸ್ತ್ರಜ್ಞರು ಖಿನ್ನತೆಗೆ ಸಿಲುಕಿದ ಹೈಸ್ಕೂಲು ಮಕ್ಕಳ ಕೈಗೊಂದು ಅಭ್ಯಾಸಪುಸ್ತಕ ಕೊಟ್ಟು, ತರಗತಿಯಲ್ಲಿ ಕೂರಿಸಿ ಪಾಠ ಹೇಳತೊಡಗಿದರು. ಅದರಲ್ಲಿ ಮನೆಗೆಲಸವೂ ಇತ್ತು.

ಅದು ದಿಟ್ಟ ಹೆಜ್ಜೆ. ಮಕ್ಕಳ ಮನಸ್ಸು ಪೂರ್ತಿ ಬಲಿತಿರುವುದಿಲ್ಲ, ಹಾಗಾಗಿ ಅವರಿಗೆ ದೊಡ್ಡವರಂಥ ಖಿನ್ನತೆ ಬರಲಾರದು ಎಂದು ಮನೋವಿಶ್ಲೇಷಣೆಯ ಪಂಥದವರು ಬಹುಕಾಲ ನಂಬಿದ್ದರು. ಹುಡುಗ ಊಟ ಬಿಟ್ಟರೆ, ಶಾಲೆ ತಪ್ಪಿಸಿದರೆ, ರೇಗಾಡಿದರೆ ಅದನ್ನು ವಯಸ್ಸಿನ ಆಟವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ತನ್ನ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿ ತಂದಾಗ, ವಯಸ್ಕರ ಖಿನ್ನತೆಯ ಲಕ್ಷಣಗಳನ್ನೇ ಮಕ್ಕಳಿಗೂ ಅನ್ವಯಿಸಬಹುದೆಂದು ಒಪ್ಪಿತು. ಆ ದಶಕದ ಕೊನೆಯಲ್ಲಿ ಆರೆಗನ್ ತಂಡ 1,700ಕ್ಕೂ ಹೆಚ್ಚು ಹೈಸ್ಕೂಲು ವಿದ್ಯಾರ್ಥಿಗಳನ್ನು ಮಾತನಾಡಿಸಿತು. ಸರಿಸುಮಾರು ಐವರಲ್ಲಿ ಒಬ್ಬರು ಅಷ್ಟರೊಳಗೇ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ್ದರು. 

ತಂಡದ ಮುಂದಾಳು ಪೀಟರ್ ಲೆವಿನ್‌ಸನ್. ಅವರ ವಿಚಾರ ಸರಳವಾಗಿತ್ತು. ಬದುಕಿನಲ್ಲಿ ಹಿತ ಕೊಡುವ ಅನುಭವಗಳು ಕಡಿಮೆಯಾದಾಗ ಮನುಷ್ಯ ಕುಗ್ಗುತ್ತಾನೆ. ಕುಗ್ಗಿದವನು ಮನೆಯಿಂದ ಹೊರಬೀಳುವುದಿಲ್ಲ, ಗೆಳೆಯರನ್ನು ನೋಡುವುದಿಲ್ಲ. ಹಾಗಾಗಿ ಹಿತ ಇನ್ನಷ್ಟು ಬತ್ತುತ್ತದೆ. 1973ರಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಫರ್ಸ್ಟರ್ ಕೂಡ ಖಿನ್ನತೆಯನ್ನು ಇದೇ ದಾರಿಯಲ್ಲಿ ವಿವರಿಸಿದ್ದರು. ಈ ಸುಳಿಯಿಂದ ಹೊರಬರಲು ಮನಸ್ಸು ಸರಿಹೋಗಲಿ ಎಂದು ಕಾಯುತ್ತ ಕೂರಬಾರದು, ಮೊದಲು ಕೆಲಸಕ್ಕೆ ಕೈಹಚ್ಚಬೇಕು ಎನ್ನುವುದು ಲೆವಿನ್‌ಸನ್‌ರ ಸಲಹೆ. ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಅವರು ಹಿತಕರ ಚಟುವಟಿಕೆಗಳ 320 ಅಂಶಗಳ ಪಟ್ಟಿಯನ್ನೇ ಮಾಡಿದ್ದರು. ಯಾವುದನ್ನು ಎಷ್ಟು ಸಲ ಮಾಡಿದೆ, ಅದು ಎಷ್ಟು ಖುಷಿ ಕೊಟ್ಟಿತು ಎಂದು ಅದರಲ್ಲಿ ಗುರುತು ಹಾಕಬೇಕಿತ್ತು.

ಸಹೋದ್ಯೋಗಿಗಳಾದ ಗ್ರೆಗರಿ ಕ್ಲಾರ್ಕ್ ಮತ್ತು ಹೈಮನ್ ಹಾಪ್ಸ್ ಜೊತೆಗೂಡಿ ಲೆವಿನ್‌ಸನ್ ಈ ಪದ್ಧತಿಯನ್ನು ಹದಿಹರೆಯಕ್ಕೆ ಒಗ್ಗಿಸಿದ್ದರ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. 14ರಿಂದ 18 ವರ್ಷದ 59 ಮಕ್ಕಳು, ಏಳು ವಾರ, ತಲಾ ಎರಡು ಗಂಟೆಯ 14 ತರಗತಿಗಳು. ದಿನದ ಮನಃಸ್ಥಿತಿಗೆ ಅಂಕ ಕೊಡುವುದು, ಮೈ ಸಡಿಲಿಸುವುದು, ಹೊಸಬರೊಡನೆ ಮಾತು ಶುರುಮಾಡುವುದು, ತಲೆಯಲ್ಲಿ ಸುತ್ತುವ ಕಹಿ ಯೋಚನೆಯನ್ನು ಪ್ರಶ್ನಿಸುವುದು ಪಾಠಗಳಾಗಿದ್ದವು. ಜಗಳವಾಡದೆ ಅಪ್ಪ ಅಮ್ಮನೊಡನೆ ಚೌಕಾಸಿ ಮಾಡುವುದೂ ಒಂದು ಪಾಠ. ಇಡೀ ಪಠ್ಯದಲ್ಲಿ ಅತ್ಯಂತ ಜಾಣತನದ ಭಾಗ ಇದೇ. ಹದಿನೈದರ ಹುಡುಗಿಯ ಸಂಕಟ ಬಹುಪಾಲು ಊಟದ ಮೇಜಿನ ಸುತ್ತಲೇ ಇರುತ್ತದೆ. ಚಿಕಿತ್ಸೆಗಾಗಿ ಸರದಿ ಕಾಯುತ್ತಿದ್ದ ಗುಂಪಿಗಿಂತ ಪಾಠ ಕಲಿತವರು ಚೆನ್ನಾಗಿ ಚೇತರಿಸಿಕೊಂಡರು.

ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಇಂಥ ಚಿಕಿತ್ಸೆಗೆ ಅರಿವಿನ ವರ್ತನಾ ಚಿಕಿತ್ಸೆ ಎಂದು ಹೆಸರು. ಮುಂದೆ ಅದಕ್ಕೆ ಕಠಿಣ ಪರೀಕ್ಷೆ ಬಂತು. ಅಮೆರಿಕದ ಹಲವು ಕೇಂದ್ರಗಳಲ್ಲಿ ಖಿನ್ನತೆಯಿದ್ದ 12ರಿಂದ 17 ವರ್ಷದ 439 ಮಕ್ಕಳ ಮೇಲೆ ನಡೆದ ಅಧ್ಯಯನದ ಮೊದಲ ವರದಿ 2004ರಲ್ಲಿ ಹೊರಬಿತ್ತು. 12 ವಾರಗಳ ಹೊತ್ತಿಗೆ ಫ್ಲೂಆಕ್ಸೆಟಿನ್ ಮಾತ್ರೆ ತೆಗೆದುಕೊಂಡವರಲ್ಲಿ ಶೇ. 61, ಮಾತ್ರೆ ಮತ್ತು ಚಿಕಿತ್ಸೆ ಎರಡೂ ಸಿಕ್ಕವರಲ್ಲಿ ಶೇ. 71 ಮಂದಿ ಸುಧಾರಿಸಿದ್ದರು. ಅರಿವಿನ ವರ್ತನಾ ಚಿಕಿತ್ಸೆ ಮಾತ್ರ ಪಡೆದವರಲ್ಲಿ ಶೇ. 43. ಔಷಧವಿಲ್ಲದ ಹುಸಿ ಮಾತ್ರೆಯೇ ಶೇ. 35 ಮಂದಿಗೆ ನೆರವಾಗಿದ್ದರಿಂದ ಇದು ನಿರಾಸೆಯ ಸಂಗತಿ. ಆದರೆ 36ನೇ ವಾರದ ಲೆಕ್ಕ ಬಂದಾಗ ಚಿತ್ರ ಬದಲಾಗಿತ್ತು: ಚಿಕಿತ್ಸೆ ಮಾತ್ರ ಪಡೆದವರೂ ಮಾತ್ರೆ ಮಾತ್ರ ತೆಗೆದುಕೊಂಡವರೂ ಶೇ. 81ರಲ್ಲಿ ಸರಿಸಮವಾಗಿ ನಿಂತಿದ್ದರು. ಕಲಿಕೆ ನಿಧಾನ. ಮೂರು ತಿಂಗಳಿಗೇ ಕೈಬಿಟ್ಟಿದ್ದರೆ ಈ ಸಂಗತಿ ಬೆಳಕಿಗೆ ಬರುತ್ತಿರಲಿಲ್ಲ.

ಇಷ್ಟೆಲ್ಲ ನಡೆಯುವಾಗ ಮಿದುಳಿನೊಳಗೆ ಏನಾಗುತ್ತದೆ? ಯೂಜೀನ್‌ನ ತರಗತಿ ಶುರುವಾದಾಗ ಅದನ್ನು ಸುಲಭವಾಗಿ ನೋಡುವ ಸಾಧನ ಕೈಗೆ ಸಿಕ್ಕಿರಲಿಲ್ಲ; ಮಿದುಳಿನ ಚಟುವಟಿಕೆ ತೋರಿಸುವ ಎಂಆರ್‌ಐ ಬಂದದ್ದು 1990ರ ದಶಕದ ಆರಂಭದಲ್ಲಿ. 2004ರಲ್ಲಿ ಟೊರಾಂಟೊದ ಸಂಶೋಧಕರು ಮಿದುಳಿನ ಚಟುವಟಿಕೆ ತೋರಿಸುವ ಇನ್ನೊಂದು ಸಾಧನವಾದ ಪೆಟ್ ಸ್ಕ್ಯಾನ್ ಬಳಸಿ, ಖಿನ್ನತೆಯಿಂದ ಚೇತರಿಸಿಕೊಂಡ ವಯಸ್ಕರಲ್ಲಿ ಅರಿವಿನ ವರ್ತನಾ ಚಿಕಿತ್ಸೆಯ ಗುರುತು ಮಾತ್ರೆಯ ಗುರುತಿಗಿಂತ ಬೇರೆ ಎಂದು ತೋರಿಸಿದರು. ಈ ಮಾತಿನ ಚಿಕಿತ್ಸೆಯಲ್ಲಿ ನೆನಪಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್‌ನ ಚಟುವಟಿಕೆ ಏರಿ, ಹಣೆಯ ಹಿಂದಿನ ಭಾಗದ್ದು ಇಳಿದಿತ್ತು. ಮಾತ್ರೆಯಲ್ಲಿ ಹೆಚ್ಚುಕಡಿಮೆ ಇದರ ತಿರುಗುಮುರುಗು.

ಹದಿಹರೆಯದವರ ಸರದಿ ಇನ್ನೂ ತಡವಾಗಿ ಬಂತು. ಅವರ ಮಿದುಳು ಬೇರೆಯದೇ ಹಂತದಲ್ಲಿರುತ್ತದೆ: ಖುಷಿಗೆ ಸ್ಪಂದಿಸುವ ಭಾಗಗಳು ಚುರುಕು, ಲಗಾಮು ಹಿಡಿಯುವ ಮುಂಭಾಗ ಇಪ್ಪತ್ತು ದಾಟಿದರೂ ಬಲಿಯುತ್ತಲೇ ಇರುತ್ತದೆ. ಕೇಂಬ್ರಿಜ್‌ನ ತಂಡವೊಂದು ಖಿನ್ನತೆಯಿರುವ ಮಕ್ಕಳನ್ನು ಚಿಕಿತ್ಸೆಗೆ ಮೊದಲೂ ನಂತರವೂ ಸ್ಕ್ಯಾನ್ ಮಾಡಿ 2017ರಲ್ಲಿ ವರದಿ ಕೊಟ್ಟಿತು. ಭಾವನೆಗೆ ಸಂಬಂಧಿಸಿದ ಮಿದುಳಿನ ಭಾಗಗಳ ನಡುವೆ ಮೊದಲು ಅತಿಯಾಗಿದ್ದ ಸಂಪರ್ಕ, ಅರಿವಿನ ವರ್ತನಾ ಚಿಕಿತ್ಸೆಯ ನಂತರ ತಗ್ಗಿತ್ತು. ಇಂಥ ಅಧ್ಯಯನಗಳಲ್ಲಿ ಭಾಗವಹಿಸುವ ಮಕ್ಕಳ ಸಂಖ್ಯೆ ಸಾಮಾನ್ಯವಾಗಿ ಚಿಕ್ಕದು. ಸ್ಕ್ಯಾನ್ ನೋಡಿ ಈ ಹುಡುಗಿಗೆ ಮಾತು, ಆ ಹುಡುಗನಿಗೆ ಮಾತ್ರೆ ಎಂದು ಬರೆದುಕೊಡುವ ಕಾಲ ಇನ್ನೂ ಬಂದಿಲ್ಲ. ವೈದ್ಯರು ಇವತ್ತಿಗೂ ಮಗುವಿನೊಡನೆ ಕೂತು ನಿದ್ದೆ, ಊಟ, ಗೆಳೆಯರ ಬಗ್ಗೆ ಕೇಳಿಯೇ ಚಿಕಿತ್ಸೆ ನಿರ್ಧರಿಸುತ್ತಾರೆ.