ಶಿವನಸಮುದ್ರದ ನೀರು, ಬೆಂಗಳೂರಿನ ನಲ್ಲಿ, ಬಾಡಿಗೆ ಮನೆಯ ಬಿಲ್ಲು

ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯಿಂದ ದುಡಿಮೆಗೆ ಬೆಂಗಳೂರು ಸೇರಿದವರು ಪ್ರತಿ ಊರಲ್ಲೂ ಸಿಗುತ್ತಾರೆ. ಗಾರೆ ಕೆಲಸ, ಗಾರ್ಮೆಂಟ್ಸ್, ಸೆಕ್ಯೂರಿಟಿ, ಡ್ರೈವಿಂಗ್ ಹೀಗೆ. ಹಬ್ಬಕ್ಕೆ ಬಂದಾಗ ಅವರು ಹೇಳುವ ಮಾತು ಒಂದೇ: ‘ಅಲ್ಲಿ ನೀರಿಗೂ ದುಡ್ಡು ಕಣಣ್ಣ.’ ದುಡ್ಡು ಕೊಟ್ಟು ಅವರು ಕುಡಿಯುವ ನೀರು ನಮ್ಮ ಪಕ್ಕದ ಶಿವನಸಮುದ್ರದ ಬಳಿಯಿಂದಲೇ ಹೋಗುತ್ತದೆ. ಅದು ಅಲ್ಲಿಗೆ ಹೋಗಿದ್ದು ಹೇಗೆ, ಬೆಲೆ ಬಂದಿದ್ದು ಹೇಗೆ ಅನ್ನುವುದಕ್ಕೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ.

ಮೊದಲು ಹೋಗಿದ್ದು ಕರೆಂಟು

ಕಾವೇರಿಯನ್ನು ಪಟ್ಟಣಕ್ಕೆ ತರುವ ಯೋಚನೆ ಹಳೆಯದು. 1807ರಲ್ಲಿ ಯಳಂದೂರನ್ನು ಜಹಗೀರಾಗಿ ಪಡೆದ ದಿವಾನ್ ಪೂರ್ಣಯ್ಯನವರೇ ಕಾಲುವೆ ತೋಡಿಸಿ ಮೈಸೂರಿಗೆ ಕಾವೇರಿ ತರಲು ಹೊರಟಿದ್ದರು. ಅದು ಕೈಗೂಡಲಿಲ್ಲ.

ಬೆಂಗಳೂರಿಗೆ ಆಗ ಕಾವೇರಿಯ ನೆನಪೂ ಇರಲಿಲ್ಲ. ಬಾವಿ, ಕೆರೆಗಳೇ ಆಧಾರ. ಇವತ್ತು ನಾವು ಬಸ್ ಇಳಿಯುವ ಮೆಜೆಸ್ಟಿಕ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ ಇತ್ತು. ಊರು ಬೆಳೆದಂತೆ ಕೆರೆ ಸಾಲದಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ, 1896ರ ಹೊತ್ತಿಗೆ, ಹೆಸರಘಟ್ಟ ಕೆರೆಯಿಂದ ಕೊಳವೆಯಲ್ಲಿ ನೀರು ಬಂತು.

ಶಿವನಸಮುದ್ರದಲ್ಲಿ ವಿದ್ಯುತ್ ಕೇಂದ್ರದ ಕೆಲಸ ಶುರು ಮಾಡಿಸಿದವರೂ ಇದೇ ಶೇಷಾದ್ರಿ ಅಯ್ಯರ್. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹತ್ತಿತು. ಆಗ ಹೊಳೆಯ ಆಚೆ ದಡ ಮೈಸೂರು ಸಂಸ್ಥಾನ, ಈಚೆ ದಡದ ಕೊಳ್ಳೇಗಾಲ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಳ್ಳೇಗಾಲ ನಮ್ಮ ರಾಜ್ಯಕ್ಕೆ ಬಂದಿದ್ದು 1956ರ ನವೆಂಬರ್ 1ರಂದು.

ಆಮೇಲೆ ನೀರು

1933ರಲ್ಲಿ ಬೆಂಗಳೂರಿಗೆ ತಿಪ್ಪಗೊಂಡನಹಳ್ಳಿ ಜಲಾಶಯ ಸಿಕ್ಕಿತು. ಅದೂ ಸಾಲಲಿಲ್ಲ. 1964ರಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ಅಂದರೆ ಈಗಿನ ಜಲಮಂಡಳಿ, ಹುಟ್ಟಿತು. 1974ರಲ್ಲಿ ಮೊದಲ ಹಂತದ ಕಾವೇರಿ ನೀರು ಬೆಂಗಳೂರು ಮುಟ್ಟಿತು. ನಂತರ 1982, 1993, 2002, 2012ರಲ್ಲಿ ಒಂದೊಂದೇ ಹಂತ ಸೇರಿ ದಿನಕ್ಕೆ ಸುಮಾರು 145 ಕೋಟಿ ಲೀಟರ್ ಆಯಿತು. 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾದ ಐದನೇ ಹಂತದ್ದು ಇನ್ನೂ 77.5 ಕೋಟಿ ಲೀಟರ್.

ನೀರು ತಾನಾಗಿ ಹರಿಯುವುದು ತಗ್ಗಿಗೆ. ಬೆಂಗಳೂರು ಇರುವುದು ಎತ್ತರದಲ್ಲಿ. ಆದ್ದರಿಂದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧ ಮಾಡಿದ ನೀರನ್ನು ಅಲ್ಲಿ ಒಮ್ಮೆ, ಹಾರೋಹಳ್ಳಿಯಲ್ಲಿ ಒಮ್ಮೆ, ತಾತಗುಣಿಯಲ್ಲಿ ಒಮ್ಮೆ, ಹೀಗೆ ಮೂರು ಕಡೆ ಪಂಪು ಮಾಡಿ ಸುಮಾರು 100 ಕಿಲೋಮೀಟರ್ ಸಾಗಿಸುತ್ತಾರೆ. ಜಲಮಂಡಳಿಯ ಖರ್ಚಿನಲ್ಲಿ ವಿದ್ಯುತ್ತಿನದೇ ದೊಡ್ಡ ಪಾಲು. ಕಾವೇರಮ್ಮ ದುಡ್ಡು ಕೇಳುವುದಿಲ್ಲ, ಮೋಟಾರು ಕೇಳುತ್ತದೆ.

ಬಿಲ್ಲಿನ ಲೆಕ್ಕ

2014ರಲ್ಲಿ ನಿಗದಿಯಾದ ಮನೆ ದರ ಹೀಗಿತ್ತು. ತಿಂಗಳಿಗೆ ಮೊದಲ 8,000 ಲೀಟರಿಗೆ ಸಾವಿರ ಲೀಟರಿಗೆ 7 ರೂಪಾಯಿ. ಅಲ್ಲಿಂದ 25,000 ಲೀಟರ್‌ವರೆಗೆ 11, ಅಲ್ಲಿಂದ 50,000ದವರೆಗೆ 26, ಅದಕ್ಕೂ ಮೇಲೆ 45 ರೂಪಾಯಿ. ಒಳಚರಂಡಿ ಶುಲ್ಕ, ಮೀಟರ್ ಶುಲ್ಕ ಬೇರೆ. ಕಡಿಮೆ ಬಳಸುವ ಬಡವನಿಗೆ ಕಡಿಮೆ ದರ, ಹೆಚ್ಚು ಬಳಸುವ ಉಳ್ಳವನಿಗೆ ಹೆಚ್ಚು ದರ ಅನ್ನುವುದು ಇದರ ಹಿಂದಿನ ನ್ಯಾಯ.

ಆದರೆ ಒಂದು ವಠಾರಕ್ಕೆ ಹೋಗಿ ನೋಡಿ. ನಾಲ್ಕು ಸಂಸಾರ, ತಲಾ 8,000 ಲೀಟರ್ ಖರ್ಚು. ನಾಲ್ಕಕ್ಕೂ ಬೇರೆ ಬೇರೆ ಮೀಟರ್ ಇದ್ದರೆ ತಲಾ 56 ರೂಪಾಯಿ, ಒಟ್ಟು 224. ನಾಲ್ಕೂ ಮನೆಗೆ ಒಂದೇ ಮೀಟರ್ ಇದ್ದು, ಅದು ಒಂದೇ ಮನೆಯ ಲೆಕ್ಕದಲ್ಲಿದ್ದರೆ 32,000 ಲೀಟರಿಗೆ 425 ರೂಪಾಯಿ. ನೀರು ಅಷ್ಟೇ, ಬಳಸಿದವರು ಅವರೇ, ಬಿಲ್ಲು ಮಾತ್ರ ಹತ್ತಿರ ಹತ್ತಿರ ಎರಡರಷ್ಟು.

ಹನ್ನೊಂದು ವರ್ಷ ಈ ದರ ಏರಲಿಲ್ಲ. 2025ರ ಏಪ್ರಿಲ್‌ನಲ್ಲಿ ಏರಿತು. ಮೊದಲ ಹಂತಕ್ಕೆ ಹೆಚ್ಚಳ ಸಾವಿರ ಲೀಟರಿಗೆ ಒಂದೂವರೆ ರೂಪಾಯಿ.

ನಲ್ಲಿ ಇಲ್ಲದವರ ಬೆಲೆ

ಬಿಲ್ಲು ಬರುವವರು ಒಂದು ಲೆಕ್ಕಕ್ಕೆ ಪುಣ್ಯವಂತರು. 2007ರಲ್ಲಿ ಬೆಂಗಳೂರು ಪಾಲಿಕೆಗೆ ಸೇರಿಸಿದ 110 ಹಳ್ಳಿಗಳಲ್ಲಿ ಎಷ್ಟೋ ಕಡೆ ವರ್ಷಗಟ್ಟಲೆ ಕಾವೇರಿ ಹೋಗಲೇ ಇಲ್ಲ. ಐದನೇ ಹಂತ ಬಂದಿದ್ದೇ ಅವರಿಗಾಗಿ. ಬಾಡಿಗೆ ಕಡಿಮೆ ಅಂತ ಅಂಥ ಹೊರವಲಯದಲ್ಲಿ ಮನೆ ಹಿಡಿದವರಿಗೆ ಬೋರ್‌ವೆಲ್ಲು, ಅದು ಬತ್ತಿದರೆ ಟ್ಯಾಂಕರ್.

2024ರ ಮಾರ್ಚಿನಲ್ಲಿ ಬೋರ್‌ವೆಲ್ಲುಗಳು ಬತ್ತಿದಾಗ ಬೆಂಗಳೂರು ನಗರ ಜಿಲ್ಲಾಡಳಿತವೇ ಟ್ಯಾಂಕರಿಗೆ ದರ ಕಟ್ಟಬೇಕಾಯಿತು. 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ. ಅಷ್ಟೇ ನೀರಿಗೆ ಆಗಿನ ನಲ್ಲಿ ದರ 100 ರೂಪಾಯಿ. ಪೈಪು ಇದ್ದವನಿಗೆ ಒಂದು, ಇಲ್ಲದವನಿಗೆ ಹತ್ತು. ಕಾವೇರಿ ಪಕ್ಕದ ಊರುಗಳಿಂದ ಹೋದವರೂ ಆ ಹತ್ತನ್ನು ಕೊಟ್ಟರು.

ಅದೇ ಬೇಸಿಗೆಯ ಏಪ್ರಿಲ್‌ನಲ್ಲಿ ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತ ಗ್ರಾಮದ ಜನ ರಸ್ತೆ, ನೀರಿನಂಥ ಮೂಲ ಸೌಕರ್ಯವಿಲ್ಲವೆಂದು ಲೋಕಸಭಾ ಚುನಾವಣೆಯ ಮತದಾನ ಬಹಿಷ್ಕರಿಸಲು ನಿಂತರು. ನೀರಿನ ಪಾಲು ಕೇಳಿದ್ದು ನಗರ ಮಾತ್ರ ಅಲ್ಲ.

ಈಗ ನಮ್ಮ ಸರದಿ

2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಿಂದ ಹಳ್ಳಿ ಮನೆಗಳ ಮುಂದೆಯೂ ನಲ್ಲಿ ಬಂದಿದೆ, ಹಲವು ಕಡೆ ಮೀಟರೂ ಕೂತಿದೆ. ಯೋಜನೆ ಹೇಳುವುದು ತಲೆಗೆ ದಿನಕ್ಕೆ 55 ಲೀಟರ್. ನಾಲ್ಕು ಜನರ ಮನೆಗೆ ತಿಂಗಳಿಗೆ 6,600 ಲೀಟರ್. ಬೆಂಗಳೂರಿನ ಬಿಲ್ಲಿನ ಮೊದಲ ಹಂತಕ್ಕಿಂತಲೂ ಕಡಿಮೆ.

ಪಂಚಾಯಿತಿಗೆ ನೀರಿನ ಕರ ಕಟ್ಟುವಾಗ ರಸೀದಿ ಪಡೆಯೋಣ, ಮೀಟರ್ ಓದುವುದನ್ನು ಮಕ್ಕಳ ಕೈಲಾದರೂ ಬರೆಸಿಡೋಣ. ಗ್ರಾಮಸಭೆಯಲ್ಲಿ ಎರಡು ಪ್ರಶ್ನೆ ಕೇಳೋಣ: ನಮ್ಮ ಕರದಲ್ಲಿ ಪಂಪಿನ ಕರೆಂಟಿಗೆ ಎಷ್ಟು ಹೋಯಿತು? ಕೊನೆಯ ಬೀದಿಗೆ ವಾರಕ್ಕೆ ಎಷ್ಟು ದಿನ ನೀರು ಬಂತು? ಬೆಂಗಳೂರಿನಲ್ಲಿರುವ ಮಕ್ಕಳಿಗೆ ಹೇಳಬೇಕಾದ ಮಾತೂ ಇದೆ: ಅಡ್ವಾನ್ಸ್ ಕೊಡುವ ಮುಂಚೆ ಮನೆಗೆ ಕಾವೇರಿ ನಲ್ಲಿ ಇದೆಯಾ, ಮೀಟರ್ ಎಷ್ಟು ಸಂಸಾರಕ್ಕೆ ಒಂದು, ಬಿಲ್ಲು ಯಾರ ಹೆಸರಲ್ಲಿ ಬರುತ್ತದೆ ಅಂತ ಕೇಳಿಕೊಳ್ಳಲಿ.