ಎಲ್ಕ್ ಬೇಟೆಯ ಮಧ್ಯಮ ಕ್ಯಾಲಿಬರ್ ಗುಂಡುಗಳು

ಎಲ್ಕ್ ಬೇಟೆಯ ಮಧ್ಯಮ ಕ್ಯಾಲಿಬರ್ ಗುಂಡುಗಳು ಎಂದರೆ ಉತ್ತರ ಅಮೆರಿಕದಲ್ಲಿ ಎಲ್ಕ್ ಎಂಬ ದೊಡ್ಡ ಜಾತಿಯ ಜಿಂಕೆಯ ಬೇಟೆಗೆ ಬಳಸುವ, ಸುಮಾರು 8.6ರಿಂದ 9.5 ಮಿ.ಮೀ. ವ್ಯಾಸದ ರೈಫಲ್ ಗುಂಡುಗಳು. .338 ವಿಂಚೆಸ್ಟರ್ ಮ್ಯಾಗ್ನಮ್, .35 ವೀಲೆನ್, 9.3×62 ಮಿ.ಮೀ. ಮತ್ತು .375 ಎಚ್ ಆ್ಯಂಡ್ ಎಚ್ ಮ್ಯಾಗ್ನಮ್ ಈ ವರ್ಗದ ಪ್ರಮುಖ ತೋಟಾಗಳು. ಇಂತಹ ಗುಂಡಿನ ಆಯ್ಕೆಯಲ್ಲಿ ವ್ಯಾಸ ಮತ್ತು ತೂಕಗಳಷ್ಟೇ ಅದರ ಒಳರಚನೆಯೂ ಮುಖ್ಯ. ದಪ್ಪ ಚರ್ಮ, ಸ್ನಾಯು ಮತ್ತು ಹೆಗಲ ಮೂಳೆಯನ್ನು ದಾಟಿ ಶ್ವಾಸಕೋಶವನ್ನು ತಲುಪುವ ಮೊದಲೇ ಗುಂಡು ಚೂರಾದರೆ ಪ್ರಾಣಿಯು ಗಾಯಗೊಂಡು ತಪ್ಪಿಸಿಕೊಳ್ಳುತ್ತದೆ. ಹಲವು ವೇಳೆ ಕಾಡಿನಲ್ಲಿ ನರಳಿ ಸಾಯುತ್ತದೆ. ಚೂರಾದ ಸೀಸವು ಮಾಂಸದಲ್ಲಿಯೂ ಕಳೇಬರದಲ್ಲಿಯೂ ಉಳಿದು ಅದನ್ನು ತಿನ್ನುವವರಿಗೆ ವಿಷವಾಗಬಹುದು. ಕಳೆದ ಶತಮಾನದಲ್ಲಿ ಬೇಟೆಯ ಗುಂಡುಗಳಲ್ಲಿ ನಡೆದ ಸುಧಾರಣೆಗಳಲ್ಲಿ ಹೆಚ್ಚಿನವು ಈ ಎರಡು ಸಮಸ್ಯೆಗಳಿಗೆ ಸಂಬಂಧಿಸಿದವು.

ಪ್ರಾಣಿಯ ಪರಿಚಯ

ಎಲ್ಕ್‌ನ ವೈಜ್ಞಾನಿಕ ಹೆಸರು ಸರ್ವಸ್ ಕೆನಡೆನ್ಸಿಸ್. ಅಮೆರಿಕದ ಮೂಲನಿವಾಸಿಗಳಾದ ಶಾನೀ ಜನರ ಭಾಷೆಯಿಂದ ಬಂದ 'ವಾಪಿಟಿ' ಎಂಬ ಹೆಸರೂ ಇದಕ್ಕೆ ಇದೆ. ಯುರೋಪಿನಲ್ಲಿ ಎಲ್ಕ್ ಎಂಬ ಹೆಸರು ಬೇರೊಂದು ಪ್ರಾಣಿಗೆ, ಅಂದರೆ ಅಮೆರಿಕದವರು ಮೂಸ್ ಎಂದು ಕರೆಯುವ ಪ್ರಾಣಿಗೆ ಸಲ್ಲುತ್ತದೆ. ಆದುದರಿಂದ ಎರಡೂ ಖಂಡಗಳ ಬರಹಗಳನ್ನು ಓದುವಾಗ ಈ ವ್ಯತ್ಯಾಸವನ್ನು ಗಮನಿಸಬೇಕಾಗುತ್ತದೆ.

ರಾಕಿ ಪರ್ವತ ಪ್ರದೇಶದ ವಯಸ್ಕ ಗಂಡು ಎಲ್ಕ್ ಸಾಮಾನ್ಯವಾಗಿ ಸುಮಾರು 320 ಕಿ.ಗ್ರಾಂ, ಹೆಣ್ಣು ಸುಮಾರು 225 ಕಿ.ಗ್ರಾಂ ತೂಗುತ್ತವೆ. ಭುಜದ ಬಳಿ ಗಂಡಿನ ಎತ್ತರ ಸುಮಾರು 1.5 ಮೀಟರ್. ಕರ್ನಾಟಕದ ಕಾಡುಗಳಲ್ಲಿ ಕಾಣಸಿಗುವ ಕಡವೆಯೂ ಇದೇ ಜಿಂಕೆ ಕುಟುಂಬಕ್ಕೆ ಸೇರಿದೆ; ಚೆನ್ನಾಗಿ ಬೆಳೆದ ಗಂಡು ಕಡವೆಯನ್ನು ಕಂಡವರಿಗೆ ಎಲ್ಕ್‌ನ ಗಾತ್ರವನ್ನು ಊಹಿಸುವುದು ಕಷ್ಟವಲ್ಲ. ಎಲ್ಕ್ ಗಟ್ಟಿಮುಟ್ಟಾದ ಪ್ರಾಣಿ. ಗುಂಡು ಸರಿಯಾದ ಸ್ಥಳಕ್ಕೆ ತಗಲದಿದ್ದರೆ ಅದು ಪರ್ವತದ ಇಳಿಜಾರುಗಳಲ್ಲಿ ಬಹುದೂರ ಸಾಗಬಲ್ಲದು.

ಮಧ್ಯಮ ಕ್ಯಾಲಿಬರ್ ತೋಟಾಗಳು

'ಮಧ್ಯಮ' ಎಂಬ ವರ್ಗೀಕರಣಕ್ಕೆ ಅಧಿಕೃತ ವ್ಯಾಖ್ಯೆಯಿಲ್ಲ. ಜಿಂಕೆ ಬೇಟೆಯಲ್ಲಿ ಸಾಮಾನ್ಯವಾದ .30 ಕ್ಯಾಲಿಬರ್‌ಗಿಂತ ದೊಡ್ಡದಾದ, ಆನೆ ಮತ್ತು ಕಾಡೆಮ್ಮೆಗಳಿಗಾಗಿ ರೂಪುಗೊಂಡ .40ಕ್ಕೂ ಮೇಲಿನ ಕ್ಯಾಲಿಬರ್‌ಗಳಿಗಿಂತ ಚಿಕ್ಕದಾದ ರೈಫಲ್‌ಗಳನ್ನು ರೂಢಿಯಲ್ಲಿ ಹೀಗೆ ಕರೆಯಲಾಗುತ್ತದೆ.

9.3×62 ಮಿ.ಮೀ. ತೋಟಾವನ್ನು ಜರ್ಮನಿಯ ಬಂದೂಕು ತಯಾರಕ ಒಟ್ಟೋ ಬಾಕ್ 1905ರಲ್ಲಿ ರೂಪಿಸಿದನು. .375 ಎಚ್ ಆ್ಯಂಡ್ ಎಚ್ ಮ್ಯಾಗ್ನಮ್ 1912ರಲ್ಲಿ ಲಂಡನ್ನಿನ ಹಾಲೆಂಡ್ ಆ್ಯಂಡ್ ಹಾಲೆಂಡ್ ಸಂಸ್ಥೆಯಿಂದ ಹೊರಬಂದಿತು. .35 ವೀಲೆನ್ 1922ರಲ್ಲಿ ರೂಪುಗೊಂಡಿತು. ಇದು ಅಮೆರಿಕದ ಸೈನ್ಯದ .30-06 ತೋಟಾದ ಕತ್ತನ್ನು ಹಿಗ್ಗಿಸಿ ಮಾಡಿದುದು. ಸೇನಾಧಿಕಾರಿ ಹಾಗೂ ಲೇಖಕ ಟೌನ್‌ಸೆಂಡ್ ವೀಲೆನ್‌ನ ಹೆಸರನ್ನು ಪಡೆದಿದೆ. ದಶಕಗಳ ಕಾಲ ಇದನ್ನು ಹವ್ಯಾಸಿಗಳು ಸ್ವತಃ ತುಂಬಿಕೊಳ್ಳುತ್ತಿದ್ದರು. 1980ರ ದಶಕದಲ್ಲಿ ರೆಮಿಂಗ್ಟನ್ ಸಂಸ್ಥೆ ಇದನ್ನು ಕಾರ್ಖಾನೆಯಲ್ಲಿ ತಯಾರಿಸತೊಡಗಿತು. .338 ವಿಂಚೆಸ್ಟರ್ ಮ್ಯಾಗ್ನಮ್ 1958ರಲ್ಲಿ ಬಿಡುಗಡೆಯಾಯಿತು.

ಈ ತೋಟಾಗಳ ನಡುವೆ ವೇಗದ ಅಂತರ ಗಣನೀಯವಾಗಿದೆ. .338 ವಿಂಚೆಸ್ಟರ್ ಮ್ಯಾಗ್ನಮ್ 225 ಗ್ರೇನ್ (14.6 ಗ್ರಾಂ) ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 850 ಮೀಟರ್ ವೇಗದಲ್ಲಿ ಹಾರಿಸುತ್ತದೆ. .35 ವೀಲೆನ್ 250 ಗ್ರೇನ್ (16.2 ಗ್ರಾಂ) ಗುಂಡನ್ನು ಸುಮಾರು 730 ಮೀಟರ್ ವೇಗದಲ್ಲಿ ಹಾರಿಸುತ್ತದೆ. ಮೊದಲನೆಯದು ತೆರೆದ ಬಯಲಿನ ದೂರದ ಗುರಿಗಳಿಗೆ ಅನುಕೂಲಕರ. ಎರಡನೆಯದರ ಹಿಂದೊದೆತ ಅದಕ್ಕಿಂತ ಕಡಿಮೆಯಾಗಿದ್ದು, ದಟ್ಟ ಕಾಡಿನ ಸಮೀಪದ ಗುರಿಗಳಿಗೆ ಸಾಕಾಗುತ್ತದೆ. ಹಿಂದೊದೆತದ ಭಯದಿಂದ ಗುಂಡು ಹಾರಿಸುವ ಕ್ಷಣದಲ್ಲಿ ಬೆಚ್ಚಿ ಗುರಿ ತಪ್ಪುವುದು ಸಾಮಾನ್ಯವಾದ ಕಾರಣ, ತೋಟಾದ ಶಕ್ತಿಗಿಂತ ಬೇಟೆಗಾರನ ಸಹನಶಕ್ತಿಯನ್ನು ಮೊದಲು ಪರಿಗಣಿಸಬೇಕೆಂಬುದು ಅನುಭವಿಗಳ ಸಲಹೆ.

ಗುಂಡು ಕೆಲಸ ಮಾಡುವ ಬಗೆ

ಬೇಟೆಯ ಗುಂಡು ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳನ್ನು ಮಾಡಬೇಕಾಗುತ್ತದೆ. ಪ್ರಾಣಿಯ ದೇಹವನ್ನು ಹೊಕ್ಕ ಕೂಡಲೇ ಅದರ ಮೂತಿ ಅಣಬೆಯಂತೆ ಅರಳಿ ಅಗಲವಾದ ಗಾಯವನ್ನು ಮಾಡಬೇಕು. ಅದೇ ವೇಳೆ ಉಳಿದ ಭಾಗವು ಒಡೆಯದೆ ಆಳಕ್ಕೆ ಸಾಗಬೇಕು. ಹೆಚ್ಚು ಅರಳಿದಷ್ಟೂ ಪ್ರತಿರೋಧ ಹೆಚ್ಚಿ ಆಳ ಕಡಿಮೆಯಾಗುತ್ತದೆ. ಅರಳದೇ ಹೋದರೆ ಗುಂಡು ಕಿರಿದಾದ ರಂಧ್ರ ಕೊರೆದು ಆಚೆ ಹೋಗುತ್ತದೆ ಮತ್ತು ಪ್ರಾಣಿಯು ಸಾಯಲು ಬಹಳ ಹೊತ್ತು ಹಿಡಿಯುತ್ತದೆ.

ಗುಂಡಿನ ತೂಕಕ್ಕೂ ವ್ಯಾಸಕ್ಕೂ ಇರುವ ಅನುಪಾತವನ್ನು ಛೇದ ಸಾಂದ್ರತೆ ಎನ್ನುತ್ತಾರೆ. ಪೌಂಡುಗಳಲ್ಲಿ ಅಳೆದ ತೂಕವನ್ನು ಅಂಗುಲಗಳಲ್ಲಿ ಅಳೆದ ವ್ಯಾಸದ ವರ್ಗದಿಂದ ಭಾಗಿಸಿ ಇದನ್ನು ಪಡೆಯಲಾಗುತ್ತದೆ. .338 ವ್ಯಾಸದ 200 ಗ್ರೇನ್ ಗುಂಡಿಗೆ ಇದು 0.250, 225 ಗ್ರೇನ್‌ಗೆ 0.281, 250 ಗ್ರೇನ್‌ಗೆ 0.313. ಒಂದೇ ವೇಗ ಮತ್ತು ಒಂದೇ ರಚನೆಯಿದ್ದರೆ ಈ ಸಂಖ್ಯೆ ಹೆಚ್ಚಿದಷ್ಟೂ ಗುಂಡು ಆಳಕ್ಕೆ ಇಳಿಯುತ್ತದೆ. ಆದರೆ ಇದು ಅರಳುವ ಮೊದಲಿನ ಗುಂಡಿನ ಲೆಕ್ಕ. ಅರ್ಧ ತೂಕವನ್ನು ದೇಹದೊಳಗೆ ಕಳೆದುಕೊಳ್ಳುವ ಭಾರವಾದ ಗುಂಡಿಗಿಂತ, ತೂಕವನ್ನು ಉಳಿಸಿಕೊಳ್ಳುವ ಹಗುರವಾದ ಗುಂಡು ಹೆಚ್ಚು ಆಳಕ್ಕೆ ಹೋಗಬಹುದು.

ಇತಿಹಾಸ

19ನೆಯ ಶತಮಾನದ ಕೊನೆಯವರೆಗೂ ಬೇಟೆಯ ಗುಂಡುಗಳು ಬಹುಮಟ್ಟಿಗೆ ಕವಚವಿಲ್ಲದ ಸೀಸದವಾಗಿದ್ದವು. 1880ರ ದಶಕದಲ್ಲಿ ಹೊಗೆರಹಿತ ಮದ್ದು ಬಂದ ಮೇಲೆ ವೇಗ ಏರಿತು. ಬರಿಯ ಸೀಸವು ನಳಿಗೆಯ ಒಳಮೈಗೆ ಮೆತ್ತಿಕೊಳ್ಳತೊಡಗಿತು. ಆದ್ದರಿಂದ ಸೀಸದ ತಿರುಳಿಗೆ ಗಟ್ಟಿ ಲೋಹದ ಕವಚವನ್ನು ಹೊದಿಸಲಾಯಿತು. ಪೂರ್ತಿ ಕವಚವಿದ್ದ ಗುಂಡು ಅರಳುತ್ತಿರಲಿಲ್ಲ. ಮೂತಿಯಲ್ಲಿ ಮಾತ್ರ ಸೀಸವನ್ನು ತೆರೆದಿಟ್ಟ ಗುಂಡು ಇದಕ್ಕೆ ಪರಿಹಾರವಾಯಿತು. ಇಂತಹ ಸೇನಾ ಗುಂಡುಗಳನ್ನು 1890ರ ದಶಕದಲ್ಲಿ ಕೋಲ್ಕತ್ತದ ಬಳಿಯ ದಮ್‌ದಮ್ ಶಸ್ತ್ರಾಗಾರದಲ್ಲಿ ತಯಾರಿಸಲಾಯಿತು. ಅರಳುವ ಗುಂಡುಗಳಿಗೆ 'ದಮ್‌ದಮ್' ಎಂಬ ಅಡ್ಡಹೆಸರು ಬಂದದ್ದು ಅಲ್ಲಿಂದಲೇ. 1899ರ ಹೇಗ್ ಘೋಷಣೆಯು ಯುದ್ಧದಲ್ಲಿ ಇವುಗಳ ಬಳಕೆಯನ್ನು ನಿಷೇಧಿಸಿತು. ಬೇಟೆಯಲ್ಲಿ ನಿಯಮ ಇದಕ್ಕೆ ತದ್ವಿರುದ್ಧ: ಪ್ರಾಣಿಯು ಬೇಗ ಸಾಯಲಿ ಎಂಬ ಕಾರಣಕ್ಕೆ ಅನೇಕ ಕಡೆ ಅರಳುವ ಗುಂಡೇ ಕಡ್ಡಾಯವಾಗಿದೆ.

ಅಮೆರಿಕದ ಜಾನ್ ನಾಸ್ಲರ್ 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಮೂಸ್ ಬೇಟೆಗೆ ಹೋಗಿದ್ದಾಗ, ಅವನು ಹಾರಿಸಿದ ವೇಗದ ಗುಂಡುಗಳು ಕೆಸರು ಮೆತ್ತಿದ ಚರ್ಮದ ಕೆಳಗೇ ಚೂರಾದವು. ಈ ಅನುಭವದಿಂದ ಅವನು ನಡುವೆ ಲೋಹದ ಅಡ್ಡಗೋಡೆಯಿರುವ ಗುಂಡನ್ನು ರೂಪಿಸಿದನು. ಇದರ ಮುಂಭಾಗ ಅರಳಿ ಸವೆಯುತ್ತದೆ. ಗೋಡೆಯ ಹಿಂದಿನ ಭಾಗ ಹಾಗೆಯೇ ಉಳಿದು ಮುಂದೆ ಸಾಗುತ್ತದೆ. 'ಪಾರ್ಟಿಷನ್' ಎಂಬ ಹೆಸರಿನ ಈ ಗುಂಡು ಮುಂದಿನ ಬಹುಪಾಲು ಸುಧಾರಿತ ಗುಂಡುಗಳಿಗೆ ಅಳತೆಗೋಲಾಯಿತು. 1980ರ ದಶಕದ ಕೊನೆಯಲ್ಲಿ ಬಾರ್ನ್ಸ್ ಸಂಸ್ಥೆಯ ರ‍್ಯಾಂಡಿ ಬ್ರೂಕ್ಸ್ ಸೀಸವೇ ಇಲ್ಲದ, ಪೂರ್ತಿ ತಾಮ್ರದ ಎಕ್ಸ್ ಗುಂಡನ್ನು ಮಾರುಕಟ್ಟೆಗೆ ತಂದನು.

ಗುಂಡಿನ ವಿಧಗಳು

ಸಾಮಾನ್ಯ ಮೃದುಮೂತಿಯ ಗುಂಡು: ಸೀಸದ ತಿರುಳು, ತಾಮ್ರಮಿಶ್ರಿತ ಲೋಹದ ಕವಚ. ಬೆಲೆ ಕಡಿಮೆ. .35 ವೀಲೆನ್‌ನಂತಹ ಮಧ್ಯಮ ವೇಗದ ತೋಟಾಗಳಲ್ಲಿ ಭಾರವಾದ ಮೃದುಮೂತಿಯ ಗುಂಡು ಚೆನ್ನಾಗಿ ಕೆಲಸ ಮಾಡುತ್ತದೆ. ಮ್ಯಾಗ್ನಮ್ ವೇಗದಲ್ಲಿ ಹತ್ತಿರದಿಂದ ಮೂಳೆಗೆ ಬಡಿದರೆ ಒಡೆಯುವ ಸಂಭವ ಹೆಚ್ಚು.

ಅಡ್ಡಗೋಡೆಯ ಗುಂಡು: ಮುಂದಿನ ಸೀಸದ ಬಹುಭಾಗ ಕಳೆದುಹೋಗಿ, ಸಾಮಾನ್ಯವಾಗಿ ಮೂರನೆಯ ಎರಡರಷ್ಟು ತೂಕ ಉಳಿಯುತ್ತದೆ. ಕಡಿಮೆ ವೇಗದಲ್ಲಿಯೂ ಅರಳುತ್ತದೆ.

ಬೆಸೆದ ತಿರುಳಿನ ಗುಂಡು: ಸೀಸವನ್ನು ಕವಚಕ್ಕೆ ಬೆಸೆದಿರುವುದರಿಂದ ಅವೆರಡೂ ಬೇರ್ಪಡುವುದಿಲ್ಲ.

ಪೂರ್ತಿ ತಾಮ್ರದ ಗುಂಡು: ಮೂತಿಯಲ್ಲಿರುವ ಕುಳಿಯಿಂದಾಗಿ ದಳಗಳಂತೆ ತೆರೆದುಕೊಳ್ಳುತ್ತದೆ, ತೂಕದ ಬಹುಪಾಲು ಉಳಿಯುತ್ತದೆ. ತಾಮ್ರವು ಸೀಸಕ್ಕಿಂತ ಗಟ್ಟಿಯಾದುದರಿಂದ ಅರಳಲು ತಕ್ಕಷ್ಟು ವೇಗ ಬೇಕು. ತಯಾರಕರು ಪ್ರತಿ ಗುಂಡಿಗೂ ಕನಿಷ್ಠ ವೇಗವನ್ನು ಸೂಚಿಸುತ್ತಾರೆ. ನಿಧಾನವಾದ ತೋಟಾಗಳಲ್ಲಿ ಈ ಮಿತಿಯನ್ನು ಕಡಿಮೆ ದೂರದಲ್ಲಿಯೇ ಮುಟ್ಟುವುದರಿಂದ, ಅವುಗಳಲ್ಲಿ ಹಗುರವಾದ ತಾಮ್ರದ ಗುಂಡನ್ನು ಆರಿಸಿ ವೇಗ ಹೆಚ್ಚಿಸಿಕೊಳ್ಳುವ ರೂಢಿಯಿದೆ. ತೂಕ ಉಳಿಯುವ ಕಾರಣ ಆಳಕ್ಕೆ ಕೊರತೆಯಾಗುವುದಿಲ್ಲ.

ಕ್ಯಾಲಿಬರ್ ವಿವಾದ

ಎಲ್ಕ್ ಬೇಟೆಗೆ ಯಾವ ಗುಂಡು ಸಾಕು ಎಂಬ ಚರ್ಚೆಯು 20ನೆಯ ಶತಮಾನದ ಅಮೆರಿಕದ ಇಬ್ಬರು ಬೇಟೆ ಲೇಖಕರ ಹೆಸರುಗಳೊಂದಿಗೆ ಬೆಸೆದುಕೊಂಡಿದೆ. ಎಲ್ಮರ್ ಕೀತ್ (1899–1984) ದಪ್ಪ, ಭಾರವಾದ ಗುಂಡುಗಳ ಪಕ್ಷಪಾತಿ. ಜ್ಯಾಕ್ ಓ'ಕಾನರ್ (1902–1978) ಹಗುರವೂ ವೇಗವೂ ಆದ .270 ವಿಂಚೆಸ್ಟರ್ ತೋಟಾವನ್ನು ಎತ್ತಿಹಿಡಿದವನು. ಅಂದಿನ ಗುಂಡುಗಳು ಸುಲಭವಾಗಿ ಒಡೆಯುತ್ತಿದ್ದ ಕಾರಣ, ತೂಕವನ್ನೇ ರಕ್ಷಣೆಯಾಗಿ ಕಂಡ ಕೀತ್‌ನ ವಾದಕ್ಕೆ ಆಧಾರವಿತ್ತು. ಗುಂಡಿನ ರಚನೆ ಸುಧಾರಿಸಿದಂತೆ ಈ ಎರಡು ಪಕ್ಷಗಳ ನಡುವಿನ ಅಂತರವೂ ಕಿರಿದಾಗಿದೆ. ಸರಿಯಾದ ಸ್ಥಳಕ್ಕೆ ಗುಂಡು ತಗಲಬೇಕೆಂಬ ವಿಷಯದಲ್ಲಿ ಇಬ್ಬರಲ್ಲಿಯೂ ಭಿನ್ನಾಭಿಪ್ರಾಯವಿರಲಿಲ್ಲ.

ತೋಟಾಗಳನ್ನು ಸ್ವತಃ ತುಂಬಿಕೊಳ್ಳುವುದು

ಬಳಸಿದ ಹಿತ್ತಾಳೆ ಕೋಶಕ್ಕೆ ಹೊಸ ಕೇಪು, ಮದ್ದು ಮತ್ತು ಗುಂಡನ್ನು ಸೇರಿಸಿ ತೋಟಾ ತಯಾರಿಸಿಕೊಳ್ಳುವುದನ್ನು ಹ್ಯಾಂಡ್‌ಲೋಡಿಂಗ್ ಎನ್ನುತ್ತಾರೆ. ಮಧ್ಯಮ ಕ್ಯಾಲಿಬರ್‌ಗಳಲ್ಲಿ ಕಾರ್ಖಾನೆಯ ತೋಟಾಗಳ ಆಯ್ಕೆ ಸೀಮಿತವಾಗಿರುವುದರಿಂದ ಅಮೆರಿಕದಲ್ಲಿ ಈ ರೂಢಿ ಬಲವಾಗಿದೆ. ತನ್ನ ರೈಫಲ್‌ಗೆ ಹೊಂದುವ ಗುಂಡನ್ನು ಆರಿಸಿಕೊಳ್ಳುವುದು, ಹಿಂದೊದೆತವನ್ನು ತಗ್ಗಿಸುವುದು ಮತ್ತು ಅಭ್ಯಾಸದ ಖರ್ಚನ್ನು ಇಳಿಸುವುದು ಇದರ ಉದ್ದೇಶಗಳು.

ಮೊದಲು ಕೋಶದಲ್ಲಿ ಬಿರುಕುಗಳಿವೆಯೇ ಎಂದು ಪರೀಕ್ಷಿಸಿ, ಅಚ್ಚಿನಲ್ಲಿ ಒತ್ತಿ ಮೂಲ ಅಳತೆಗೆ ತರಲಾಗುತ್ತದೆ. ಹಳೆಯ ಕೇಪನ್ನು ತೆಗೆದು, ಉದ್ದ ಹೆಚ್ಚಾಗಿದ್ದರೆ ಕತ್ತರಿಸಿ, ಹೊಸ ಕೇಪನ್ನು ಕೂರಿಸಲಾಗುತ್ತದೆ. ಅನಂತರ ತೂಗಿದ ಮದ್ದನ್ನು ಸುರಿದು ಗುಂಡನ್ನು ನಿಗದಿತ ಆಳಕ್ಕೆ ಕೂರಿಸಲಾಗುತ್ತದೆ.

ಮದ್ದಿನ ಪ್ರಮಾಣವನ್ನು ಮದ್ದು ಅಥವಾ ಗುಂಡಿನ ತಯಾರಕರು ಪರೀಕ್ಷಿಸಿ ಪ್ರಕಟಿಸಿದ ಕೈಪಿಡಿಗಳಿಂದಲೇ ಪಡೆಯಬೇಕು. ಕೈಪಿಡಿಯಲ್ಲಿ ಸೂಚಿಸಿದ ಆರಂಭಿಕ ಪ್ರಮಾಣದಿಂದ ಮೊದಲುಗೊಂಡು, ಒತ್ತಡದ ಲಕ್ಷಣಗಳನ್ನು ಗಮನಿಸುತ್ತ ಸ್ವಲ್ಪಸ್ವಲ್ಪವಾಗಿ ಮೇಲೇರುವುದು ನಿಯಮ. ಕೇಪು ಚಪ್ಪಟೆಯಾಗುವುದು, ಹಾರಿಸಿದ ಬಳಿಕ ಬೋಲ್ಟ್ ಬಿಗಿಯಾಗುವುದು ಅತಿಯಾದ ಒತ್ತಡದ ಸೂಚನೆಗಳು. ಆದರೆ ಇವು ಕಾಣುವ ವೇಳೆಗೆ ಒತ್ತಡವು ಸುರಕ್ಷಿತ ಮಿತಿಯನ್ನು ಮೀರಿರಬಹುದು. ಕೆಲವು ನಿಧಾನದ ಮದ್ದುಗಳನ್ನು ಸೂಚಿಸಿದ್ದಕ್ಕಿಂತ ತೀರ ಕಡಿಮೆ ತುಂಬುವುದೂ ಅಪಾಯಕಾರಿ.

ಸೀಸದ ಗುಂಡಿನಿಂದ ತಾಮ್ರದ ಗುಂಡಿಗೆ ಬದಲಾಗುವವರು ವಿಶೇಷ ಎಚ್ಚರ ವಹಿಸಬೇಕಾಗುತ್ತದೆ. ಸೀಸದ ಸಾಂದ್ರತೆ ಘನ ಸೆಂ.ಮೀ.ಗೆ 11.3 ಗ್ರಾಂ, ತಾಮ್ರದ್ದು 8.96 ಗ್ರಾಂ. ಹೀಗಾಗಿ ಅದೇ ತೂಕದ ತಾಮ್ರದ ಗುಂಡು ಹೆಚ್ಚು ಉದ್ದವಾಗಿದ್ದು ಕೋಶದೊಳಗಿನ ಜಾಗವನ್ನು ಆಕ್ರಮಿಸುತ್ತದೆ; ಒತ್ತಡವೂ ಬದಲಾಗುತ್ತದೆ. ತೂಕ ಒಂದೇ ಎಂಬ ಕಾರಣಕ್ಕೆ ಹಳೆಯ ಪ್ರಮಾಣವನ್ನು ಉಳಿಸಿಕೊಳ್ಳಬಾರದು. ಉದ್ದವಾದ ಗುಂಡು ಸ್ಥಿರವಾಗಿ ಹಾರಲು ನಳಿಗೆಯ ಸುರುಳಿಗೀರುಗಳು ಅದನ್ನು ಹೆಚ್ಚು ವೇಗವಾಗಿ ತಿರುಗಿಸಬೇಕಾಗುತ್ತದೆ. ಕೆಲವು ಹಳೆಯ ರೈಫಲ್‌ಗಳಲ್ಲಿ ಇದು ಸಾಧ್ಯವಾಗುವುದಿಲ್ಲ.

ಸೀಸ, ವನ್ಯಜೀವಿ ಮತ್ತು ಕಾನೂನು

ಬೇಟೆಗಾರರು ಕಾಡಿನಲ್ಲಿ ಬಿಟ್ಟುಹೋಗುವ ಕರುಳು ಮತ್ತು ಪತ್ತೆಯಾಗದ ಕಳೇಬರಗಳಲ್ಲಿ ಸೀಸದ ಸೂಕ್ಷ್ಮ ಚೂರುಗಳು ಉಳಿಯುತ್ತವೆ. ಗಾಯದ ಜಾಡಿನಿಂದ ದೂರದ ಮಾಂಸದಲ್ಲಿಯೂ ಇಂತಹ ಚೂರುಗಳಿರುವುದನ್ನು ಕ್ಷ-ಕಿರಣ ಚಿತ್ರಗಳು ತೋರಿಸಿವೆ. ಇವನ್ನು ತಿನ್ನುವ ಹದ್ದುಗಳು ಮತ್ತು ರಣಹದ್ದುಗಳು ವಿಷಬಾಧೆಗೆ ಒಳಗಾಗುತ್ತವೆ. ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಬೃಹತ್ ರಣಹದ್ದಿನ ಸಂಖ್ಯೆ 1982ರಲ್ಲಿ ಕೇವಲ 22ಕ್ಕೆ ಇಳಿದಿತ್ತು. 1987ರ ವೇಳೆಗೆ ಉಳಿದೆಲ್ಲ ಹಕ್ಕಿಗಳನ್ನು ಹಿಡಿದು ಸಂರಕ್ಷಿತ ಸಂತಾನಾಭಿವೃದ್ಧಿಗೆ ಒಳಪಡಿಸಲಾಯಿತು. 1992ರಿಂದ ಮರಳಿ ಕಾಡಿಗೆ ಬಿಡಲಾಗುತ್ತಿದೆ. ಹೀಗೆ ಬಿಟ್ಟ ಹಕ್ಕಿಗಳ ಸಾವಿಗೆ ಸೀಸದ ವಿಷವೇ ಪ್ರಧಾನ ಕಾರಣ. ಕ್ಯಾಲಿಫೋರ್ನಿಯಾ ರಾಜ್ಯವು 2013ರಲ್ಲಿ ಅಂಗೀಕರಿಸಿದ ಕಾನೂನಿನಂತೆ 2019ರ ಜುಲೈ 1ರಿಂದ ವನ್ಯಜೀವಿಗಳ ಬೇಟೆಯಲ್ಲಿ ಸೀಸದ ಮದ್ದುಗುಂಡು ಪೂರ್ತಿಯಾಗಿ ನಿಷಿದ್ಧ. ಅರಿಜೋನಾದಲ್ಲಿ ಸೀಸರಹಿತ ಗುಂಡುಗಳ ಬಳಕೆಯನ್ನು ಸ್ವಯಂಪ್ರೇರಿತ ಯೋಜನೆಯ ಮೂಲಕ ಪ್ರೋತ್ಸಾಹಿಸಲಾಗುತ್ತಿದೆ.

ಬೇಟೆಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿವೆ. ಅತಿ ಹೆಚ್ಚು ಎಲ್ಕ್‌ಗಳಿರುವ ಕೊಲರಾಡೋದಲ್ಲಿ ಎಲ್ಕ್ ಬೇಟೆಯ ರೈಫಲ್ ಕನಿಷ್ಠ .24 ಕ್ಯಾಲಿಬರ್‌ನದ್ದಾಗಿರಬೇಕು, ಅರಳುವ ಗುಂಡು ಕನಿಷ್ಠ 85 ಗ್ರೇನ್ ತೂಗಬೇಕು, 100 ಗಜ ದೂರದಲ್ಲಿ 1,000 ಅಡಿ-ಪೌಂಡ್ (ಸುಮಾರು 1,356 ಜೂಲ್) ಶಕ್ತಿ ಹೊಂದಿರಬೇಕು. ಮಧ್ಯಮ ಕ್ಯಾಲಿಬರ್ ತೋಟಾಗಳು ಈ ಮಿತಿಗಿಂತ ಬಹಳ ಮೇಲಿವೆ.

ಭಾರತದಲ್ಲಿ ಎಲ್ಕ್ ಇಲ್ಲ. 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಯಡಿ ಕಡವೆ ಮೊದಲಾದ ಸಂರಕ್ಷಿತ ಪ್ರಾಣಿಗಳ ಬೇಟೆ ಅಪರಾಧವಾಗಿದೆ. 1959ರ ಆಯುಧ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದೂ ಕಾನೂನುಬಾಹಿರ.