ಕ್ರಿಸ್ತಜಯಂತಿ: ದೇವಾಲಯದಲ್ಲೋ, ಮನೆಯಲ್ಲೋ?

ಹಬ್ಬವು ಗುಡಿಯದೋ ಮನೆಯದೋ ಎಂಬ ಪ್ರಶ್ನೆಯು ನಮ್ಮ ಪ್ರಾಂತದವರಿಗೆ ಹೊಸದಲ್ಲ. ಕೂಡಲಸಂಗಮದ ಜಾತ್ರೆಗೆ ಬಂಡಿ ಹೂಡಿಕೊಂಡು ಹೋಗುತ್ತಿದ್ದ ಮನೆತನದವರೇ ನಿತ್ಯವೂ ಮನೆಯಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುತ್ತ ಬಂದವರು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಅಲ್ಪಸಂಖ್ಯಾತರಾಗಿರುವ ಕ್ರೈಸ್ತ ಬಂಧುಗಳಿಗಾದರೋ ಈ ಪ್ರಶ್ನೆಯು ಹೆಚ್ಚು ತೂಕದ್ದು. ಡಿಸೆಂಬರ 25ರಂದು ದೇವಾಲಯಕ್ಕೆ ಹೋಗಿ ಸಭೆಯೊಡನೆ ಕೂಡಬೇಕೋ, ಮನೆಯಲ್ಲಿಯೇ ಮಕ್ಕಳುಮರಿಗಳೊಡನೆ ಸತ್ಯವೇದವನ್ನೋದಿ ಪ್ರಾರ್ಥಿಸಿ ಹಬ್ಬವನ್ನು ಆಚರಿಸಬೇಕೋ? ಇತಿಹಾಸವು ಈ ವಿಷಯದಲ್ಲಿ ಏನು ಹೇಳುವದೆಂಬುದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ಕ್ರಿಸ್ತನು ಹುಟ್ಟಿದ ದಿನವನ್ನು ಸುವಾರ್ತೆಗಳು ಹೇಳುವದಿಲ್ಲ. ಮೊದಲಿನ ಕ್ರೈಸ್ತರು ಬಹುಮಟ್ಟಿಗೆ ಮನೆಗಳಲ್ಲಿಯೇ ಕೂಡುತ್ತಿದ್ದರು. ಸಿರಿಯಾದ ದೂರಾ-ಯೂರೋಪಸ್ ಎಂಬಲ್ಲಿ 3ನೆಯ ಶತಮಾನದಲ್ಲಿ ಆರಾಧನೆಗಾಗಿ ಮಾರ್ಪಡಿಸಿದ ಇಂತಹದೊಂದು ಮನೆಯು ಉತ್ಖನನದಲ್ಲಿ ದೊರೆತಿದೆ. 313ರಲ್ಲಿ ರೋಮ ಸಾಮ್ರಾಜ್ಯವು ಕ್ರೈಸ್ತರಿಗೆ ಸ್ವಾತಂತ್ರ್ಯವನ್ನು ಕೊಟ್ಟ ಮೇಲೆ ದೊಡ್ಡ ದೇವಾಲಯಗಳು ಎದ್ದವು. ಡಿಸೆಂಬರ 25ರ ಜಯಂತಿಯು ರೋಮ ನಗರದ ದಾಖಲೆಯಲ್ಲಿ ಕಾಣುವದು 336ಕ್ಕೆ. ಅಂದರೆ ಮನೆಯ ಕೂಟವು ಹಳೆಯದು, ಈ ಹಬ್ಬದ ದಾಖಲೆಯು ಅದಕ್ಕಿಂತ ಈಚಿನದು.

ಮತಸುಧಾರಣೆಯ ಕಾಲದಲ್ಲಿ ಹಬ್ಬವೇ ವಾದಕ್ಕೆ ಗುರಿಯಾಯಿತು. ಸತ್ಯವೇದವು ವಿಧಿಸದ ಹಬ್ಬವು ಬೇಡವೆಂದು ಜಿನೀವಾ ನಗರವು 1550ರಲ್ಲಿ ಅದನ್ನು ಕೈಬಿಟ್ಟಿತು. ಇಂಗ್ಲಂಡದ ಪಾರ್ಲಿಮೆಂಟು 1647ರಲ್ಲಿ ಅದನ್ನು ರದ್ದುಪಡಿಸಿತು. ಅಮೇರಿಕೆಯ ಮೆಸಾಚುಸೆಟ್ಸ್ ವಸಾಹತಿನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿದವರಿಗೆ ಐದು ಶಿಲಿಂಗು ದಂಡವಿದ್ದಿತು. ಆದರೂ ಹಬ್ಬವು ಅಳಿಯಲಿಲ್ಲ. ಕಾಯಿದೆಯು ದೇವಾಲಯದ ಬಾಗಿಲನ್ನು ಮುಚ್ಚಿಸಬಲ್ಲದು. ಮನೆಯ ಒಲೆಯನ್ನು ಆರಿಸುವದು ಅದಕ್ಕೆ ಕಠಿಣವೇ ಸರಿ.

ಜರ್ಮನಿಯಲ್ಲಿ ಇನ್ನೊಂದು ಮಾರ್ಗವು ಹುಟ್ಟಿತು. 1670ರಲ್ಲಿ ಸ್ಪೇನರನೆಂಬ ಪಾದ್ರಿಯು ಫ್ರಾಂಕ್‌ಫರ್ಟಿನಲ್ಲಿ ಭಕ್ತಿಯ ಮನೆಕೂಟಗಳನ್ನು ಆರಂಭಿಸಿದನು. ವುರ್ಟೆಂಬರ್ಗ ಸಂಸ್ಥಾನವು 1743ರಲ್ಲಿ ಇಂತಹ ಕೂಟಗಳಿಗೆ ನಿರ್ಬಂಧಸಹಿತವಾದ ಅನುಮತಿಯನ್ನು ಕೊಟ್ಟಿತು. ಮನೆಯ ಕೂಟವು ದೇವಾಲಯಕ್ಕೆ ಪ್ರತಿಸ್ಪರ್ಧಿಯಲ್ಲ, ಪೂರಕವು ಎಂಬುದೇ ಇದರ ಸಾರ. ಈ ಭಕ್ತಿಪಂಥದಲ್ಲಿ ಬೆಳೆದ ಅನೇಕರು 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನ ಮೂಲಕ ಕನ್ನಡನಾಡಿಗೆ ಬಂದರು. ಮಂಗಳೂರು 1834, ಧಾರವಾಡ 1837, ಹುಬ್ಬಳ್ಳಿ 1839, ಬೆಟಗೇರಿ 1841, ಗುಳೇದಗುಡ್ಡ 1851, ಹೀಗೆ ಅವರ ಕೇಂದ್ರಗಳು ನಮ್ಮ ನೆರೆಯವರೆಗೂ ಬಂದವು. ಇಡೀ ಸತ್ಯವೇದವು 1831ರಲ್ಲಿಯೇ ಬಳ್ಳಾರಿಯಲ್ಲಿ ಕನ್ನಡದಲ್ಲಿ ಅಚ್ಚಾಗಿದ್ದುದರಿಂದ, ಓದುಬಲ್ಲ ಒಬ್ಬನಿದ್ದ ಮನೆಯಲ್ಲಿಯೂ ಆರಾಧನೆಯು ಸಾಧ್ಯವಾಯಿತು.

ಗುಳೇದಗುಡ್ಡವು ರಬಕವಿ-ಬನಹಟ್ಟಿಗಳಂತೆಯೇ ನೇಕಾರರ ಊರು. ನೇಕಾರನ ಕುಣಿಮಗ್ಗವು ಮನೆಯೊಳಗೇ ಇರುವದು. ಆದುದರಿಂದ ಅವನಿಗೆ ಹಬ್ಬವೆಂದರೆ ಮೊದಲು ಮಗ್ಗವು ನಿಲ್ಲುವದು, ಆ ದಿನದ ಕೂಲಿಯು ತಪ್ಪುವದು. ಮತಾಂತರ ಹೊಂದಿದವನಿಗೆ ಇನ್ನೂ ದೊಡ್ಡ ನಷ್ಟವು ಕಾದಿರುತ್ತಿತ್ತು. ಜಾತಿಯವರ ಪಂಕ್ತಿಯು ತಪ್ಪಿ, ಬೀಗರುಬಿಜ್ಜರು ಬರುವದು ನಿಂತು, ಹಬ್ಬದ ದಿನವೇ ಮನೆಯು ಬಣಗುಡುವದು. ಅಂತಹವನಿಗೆ ದೇವಾಲಯವು ಆರಾಧನೆಯ ಸ್ಥಳ ಮಾತ್ರವಾಗಿರದೆ, ಕಳೆದುಹೋದ ಬಳಗಕ್ಕೆ ಬದಲಾಗಿ ದೊರೆತ ಬಳಗವೂ ಆಗಿದ್ದಿತು. ಹಳೆಯ ತಲೆಮಾರಿನವರು ಹಬ್ಬದ ದಿನ ದೇವಾಲಯವನ್ನು ತಪ್ಪಿಸಲೊಲ್ಲದಿರುವದನ್ನು ಅರಿಯಲು ಈ ಸಂಗತಿಯನ್ನು ನೆನಪಿಡಬೇಕು.

ಇನ್ನು ಕರಾವಳಿಯ ಕೆಥೋಲಿಕರ ಕಥೆಯನ್ನು ನೋಡಿರಿ. 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಇಗರ್ಜಿಗಳಲ್ಲಿ ಹೆಚ್ಚಿನವು ನೆಲಸಮವಾದವು. 1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಬದುಕುಳಿದವರು ಮರಳಿ ಬಂದು ಇಗರ್ಜಿಗಳನ್ನು ಕಟ್ಟಿದರು. ನಡುವಣ ಹದಿನೈದು ವರ್ಷ ಇಗರ್ಜಿಯಿಲ್ಲದೆಯೂ ಅವರ ಮತವು ಉಳಿಯಿತು. ಆದರೆ ಬಿಡುಗಡೆಯಾದೊಡನೆ ಅವರು ಮನೆಯೇ ಸಾಕೆನ್ನಲಿಲ್ಲ. ಸಪ್ಟೆಂಬರ 8ರ ಮೊಂತಿ ಹಬ್ಬದಲ್ಲಿ ಅವರು ಹೊಸ ಬತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವದಿಸಿಕೊಂಡು ಮನೆಗೆ ತಂದು, ಅದರ ಕಾಳನ್ನು ಮನೆಮಂದಿಯೆಲ್ಲ ಕೂಡಿ ಸೇವಿಸುತ್ತಾರೆ. ಗುಡಿ-ಮನೆಗಳ ವಾದಕ್ಕೆ ಇದಕ್ಕಿಂತ ಅಂದವಾದ ಉತ್ತರವು ದುರ್ಲಭ. 2020ರ ಎಪ್ರಿಲ್ 12ರ ಈಸ್ಟರ ಹಬ್ಬವು ಸಾಂಕ್ರಾಮಿಕದ ನಿಮಿತ್ತ ಮನೆಗಳಲ್ಲಿಯೇ ನಡೆಯಿತು. ಆಗಲೂ ಹಬ್ಬವು ನಿಲ್ಲಲಿಲ್ಲ. ಆದರೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು ಶುಭ ಕೋರುವದು ನಿಂತಿತು.

ಇವೆಲ್ಲವುಗಳಿಂದ ತಿಳಿಯುವದೇನು? ಕಷ್ಟಕಾಲದಲ್ಲಿ ಹಬ್ಬವನ್ನು ಕಾಯುವದು ಮನೆ. ಸುಕಾಲದಲ್ಲಿ ಅದನ್ನು ಹತ್ತು ಜನರದನ್ನಾಗಿ ಮಾಡುವದು ದೇವಾಲಯ. ಸಾವಿರ ಮನೆಗಳ ಸಭೆಯಲ್ಲಿ ಒಂದು ಕುಟುಂಬವು ಬರದಿದ್ದರೆ ಯಾರಿಗೂ ತಿಳಿಯದು. ಹತ್ತೇ ಮನೆಗಳ ಸಭೆಯಲ್ಲಿ ನಾಲ್ಕು ಉಳಿದುಕೊಂಡರೆ ಹಾಡಿಗೆ ದನಿಯೇ ಇಲ್ಲದಂತಾಗುವದು. ಆದುದರಿಂದ ನಮ್ಮಂತಹ ಊರುಗಳಲ್ಲಿ ನಡೆಯಬಲ್ಲವರು ಬೆಳಗಿನಲ್ಲಿ ದೇವಾಲಯಕ್ಕೆ ಹೋಗುವದೇ ಲೇಸು. ಮುಪ್ಪಿನವರು, ಬಾಣಂತಿಯರು, ಹಾಸಿಗೆ ಹಿಡಿದವರು ಇರುವಲ್ಲಿಗೆ ಸಭೆಯೇ ಹೋಗತಕ್ಕದ್ದು. ಸಂಜೆಯು ಮನೆಗಿರಲಿ, ನೆರೆಯವರಿಗೂ ಇರಲಿ. ದೀಪಾವಳಿಯ ಕರ್ಚಿಕಾಯಿಯನ್ನೂ ರಮಜಾನದ ಸುರಕುರಮಾವನ್ನೂ ಹಂಚಿಕೊಂಡು ಉಣ್ಣುವ ನಮ್ಮ ಓಣಿಗಳಲ್ಲಿ ಆ ದಿನದ ಬಾಗಿಲು ಮುಚ್ಚಿರಬೇಕಾದ ಕಾರಣವಿಲ್ಲ.